ಗುಳಿಗೆ ಗೆಳೆಯನನ್ನು ಹುಡುಕಿಕೊಂಡು ಐರಣಿಗೆ

ರವಿವಾರ ಬೆಳಿಗ್ಗೆ ಏಳರ ಬಸ್ಸಿಗೆ ಹಾವೇರಿ ಬಿಟ್ಟೆ. ಬಸ್ ನಿಲ್ದಾಣದ ಎದುರಿಗೇ ನನ್ನ ಝೆರಾಕ್ಸ್ ಅಂಗಡಿ. ದಿನಾ ಬೇರೆಯವರ ಪ್ರಯಾಣ ನೋಡುತ್ತ ಕೂತಿರುತ್ತೇನೆ. ನಾನು ಬಸ್ ಹತ್ತುವುದು ತಿಂಗಳಿಗೊಮ್ಮೆ, ಧಾರವಾಡದ ಆಸ್ಪತ್ರೆಗೆ ಮಾತ್ರ. ಗುರುತಿನ ಕಂಡಕ್ಟರ್ ನನ್ನ ಮುಖ ನೋಡಿ, 'ಏನ್ರಿ, ಅಂಗಡಿ ಬಂದ್ ಮಾಡಿ ಎತ್ಲಾಗ ಹೊಂಟ್ರಿ?' ಎಂದ. 'ಬ್ಯಾಡಗಿಗೆ' ಎಂದೆ. 'ಮೆಣಸಿನಕಾಯಿ ತರಾಕೇನ್ರಿ?' ಎಂದ. ಹೌದು ಎಂದುಬಿಟ್ಟೆ. ಖರೇ ಕಾರಣ ಹೇಳಿದ್ದರೆ ನನ್ನ ಪಕ್ಕದ ಸೀಟಿಗೆ ಯಾರನ್ನೂ ಕೂಡಿಸುತ್ತಿರಲಿಲ್ಲ.

ಖರೇ ಕಾರಣ ಬ್ಯಾಡಗಿಯ ಚನ್ನಬಸಪ್ಪ. ಆಸ್ಪತ್ರೆಯ ವಾರ್ಡಿನಲ್ಲಿ ನಮ್ಮಿಬ್ಬರದು ಅಕ್ಕಪಕ್ಕದ ಮಂಚ. ನನಗೆ ಇಲ್ಲದ ದನಿಗಳು ಕೇಳುತ್ತಿದ್ದವು. ಅವನಿಗೆ ಊರೆಲ್ಲ ಸೇರಿ ತನ್ನ ಅನ್ನಕ್ಕೆ ವಿಷ ಹಾಕುತ್ತಿದೆ ಎಂಬ ಭಯ. ಇಬ್ಬರಿಗೂ ಡಾಕ್ಟರು ಹೇಳಿದ್ದು ಒಂದೇ ಮಾತು: ಆರಾಮ ಅನಿಸಿದ ಮೇಲೂ ಗುಳಿಗೆ ಬಿಡಬೇಡಿ. ಹೇಳುವವರಿಗೇನು, ಸಲೀಸು. ಆರಾಮಾದವನು ಗುಳಿಗೆ ನುಂಗುವುದೆಂದರೆ ದಿನಾ ಒಮ್ಮೆ ತನ್ನ ಬಾಯಿಂದಲೇ ತನಗೆ ಹುಚ್ಚ ಎಂದು ಬೈದುಕೊಂಡ ಹಾಗೆ. ಅದಕ್ಕೇ ಮನೆಗೆ ಕಳಿಸಿದ ದಿನ ನಾವೊಂದು ಕರಾರು ಮಾಡಿಕೊಂಡೆವು. ದಿನಾ ರಾತ್ರಿ ಊಟ ಮಾಡಿ ಗುಳಿಗೆ ನುಂಗಿದ ಕೂಡಲೇ ಅವನು ನನಗೊಂದು ಮಿಸ್ ಕಾಲ್ ಕೊಡಬೇಕು. ನಾನು ನನ್ನ ಗುಳಿಗೆ ನುಂಗಿ ತಿರುಗಿ ಕೊಡಬೇಕು. ಎತ್ತುವಂತಿಲ್ಲ. ಹೆಚ್ಚಿನ ದಿನ ನನಗೆ ಬರುವ ಫೋನು ಅದೊಂದೇ.

ಆ ರಿಂಗು ತಪ್ಪಿರಲಿಲ್ಲ. ಆದರೆ ಎರಡು ತಿಂಗಳಿಂದ ಚನ್ನಬಸಪ್ಪ ಗುಳಿಗೆ ಒಯ್ಯಲು ಆಸ್ಪತ್ರೆಗೆ ಬಂದಿರಲಿಲ್ಲ. ಗುಳಿಗೆ ಇಲ್ಲದೆ ರಿಂಗು ಎಲ್ಲಿಂದ ಬರುತ್ತದೆ? ಹಗಲು ಹೊತ್ತಿನಲ್ಲಿ ಎಷ್ಟು ಹೊಡೆದರೂ ಫೋನು ಎತ್ತುವವರಿಲ್ಲ. ಹೋಗಿ ನೋಡದೆ ಸಮಾಧಾನವಿರಲಿಲ್ಲ.

ಮೋಟೆಬೆನ್ನೂರಿನಲ್ಲಿ ಹೆದ್ದಾರಿ ಬಿಟ್ಟು ಒಳಗೆ ಹೊರಳಿದ ಬಸ್ಸು ಬ್ಯಾಡಗಿ ಸಮೀಪಿಸುತ್ತಲೇ ಘಾಟು ಮೂಗಿಗೆ ಬಂತು. ಕೆಲವರು ಕಿಟಕಿ ಹಾಕಿದರು, ಉಳಿದವರು ಸೀನಿದರು. ಫೆಬ್ರುವರಿ, ಮೆಣಸಿನಕಾಯಿಯ ಸುಗ್ಗಿ. ರವಿವಾರ ವ್ಯಾಪಾರ ಇಲ್ಲದಿದ್ದರೂ ಗೋದಾಮುಗಳ ನೆರಳಿನಲ್ಲಿ ಹೆಂಗಸರು ಮೂಗಿಗೆ ಸೆರಗು ಬಿಗಿದು ಕಾಯಿಯ ತೊಟ್ಟು ಬಿಡಿಸುತ್ತ ಕೂತಿದ್ದರು. ಅವರಲ್ಲಿ ಚನ್ನಬಸಪ್ಪನ ಹೆಂಡತಿ ಗಂಗವ್ವನನ್ನು ಕೇಳಿ ಕೇಳಿ ಗುರುತು ಹಿಡಿದೆ. ನನ್ನ ಹೆಸರು ಹೇಳಿದ್ದೇ ತಡ, ಕೈಯೊಳಗಿನ ಕಾಯಿ ಕೆಳಗಿಟ್ಟಳು.

'ಅವರು ಇಲ್ಲಿಲ್ರಿ. ಸಂಕ್ರಾಂತಿ ಆದ ಮ್ಯಾಲ ಐರಣಿಗೆ, ಅಕ್ಕನ ಮನಿಗೆ ಹೋಗ್ಯಾರ.'

'ಗುಳಿಗಿ?'

'ಅದಕ್ಕೂ ಮೊದಲ ಬಿಟ್ಟಾರ್ರಿ. ಅವರದು ಚೀಲದ ಬಾಯಿ ಹೊಲಿಯೋ ಕೆಲಸ. ಗುಳಿಗಿ ತಗೊಂಡ್ರ ಕೈ ನಡಗ್ತಿದ್ದುವು, ದಬ್ಬಣ ಹೆಬ್ಬೆಟ್ಟಿಗೇ ಚುಚ್ಚಿಕೋತಿದ್ರು. ಆ ಗಾಯದಾಗ ಇಲ್ಲಿ ಖಾರ ಹೋದ್ರ ಹೆಂಗ ಆಗತೈತಿ, ನೀವ ಹೇಳ್ರಿ. ಜತಿಗಾರರು ನಗತಿದ್ರು.'

'ಮತ್ತ ನನಗ ದಿನಾ ರಿಂಗ್ ಬರ್ತಾವಲ್ಲ?'

ಗಂಗವ್ವ ತಲೆ ತಗ್ಗಿಸಿದಳು. 'ನಾನ ಕೊಡತೇನ್ರಿ. ಹೋಗೋ ಮುಂದ ಫೋನ್ ನನ್ನ ಕೈಯಾಗಿಟ್ಟು ಹೇಳಿದ್ರು, ಹಾವೇರ್ಯಾಂವ ಒಬ್ಬನ ಇರ್ತಾನ, ಅವಗ ರಿಂಗ್ ತಪ್ಪಸಬ್ಯಾಡ, ನಂದು ನಿಂತೈತಿ ಅಂದ್ರ ಅವನೂ ಬಿಡ್ತಾನ ಅಂತ. ನೀವು ಮಾತಾಡಿಸಿದ್ರ ಏನ್ ಹೇಳ್ಲಿ ಅಂತ ಎತ್ತಲಿಲ್ರಿ.'

ನನಗೆ ಮೊದಲು ಬಂದದ್ದು ಸಿಟ್ಟು. ಸಂಕ್ರಾಂತಿಯಿಂದ ಇಲ್ಲಿಯತನಕ ಗೆಳೆಯನಿದ್ದಾನೆ ಅಂದುಕೊಂಡು ನಾನು ರಿಂಗ್ ಕೊಟ್ಟದ್ದು ಒಬ್ಬ ಹೆಣ್ಣುಮಗಳಿಗೆ. 'ಇನ್ನ ಮ್ಯಾಲ ಕೊಡಬ್ಯಾಡವಾ. ನಾ ಏನ್ ಸಣ್ಣ ಹುಡುಗ ಅಲ್ಲ' ಎಂದೆ. 'ಆತ್ರಿ' ಎಂದು ಮತ್ತೆ ತೊಟ್ಟು ಬಿಡಿಸತೊಡಗಿದಳು. ನಾನು ಹೋಗಿಬರುತ್ತೇನೆ ಎಂದೂ ಹೇಳದೆ ನಿಲ್ದಾಣಕ್ಕೆ ನಡೆದೆ.

ರಾಣೆಬೆನ್ನೂರು ತಲುಪಿದಾಗ ಬಿಸಿಲು ಏರಿತ್ತು. ಐರಣಿ ಬಸ್ಸಿಗೆ ಇನ್ನೂ ಹೊತ್ತಿದೆ ಎಂದರು. ಹೋಟೆಲಿಗೆ ಹೋದರೆ ಮಾಣಿ ನನ್ನ ಬೆನ್ನ ಹಿಂದೆ ಇಣುಕಿ, 'ಎಷ್ಟ ಮಂದಿ ಅದೀರಿ?' ಎಂದು ಕೇಳಿದ. 'ಕಾಣ್ಸೂದಿಲ್ಲೇನು, ಒಬ್ಬನ' ಎಂದು ಗದರಿದೆ. ಗಿರ್ಮಿಟ್ ತರಿಸಿಕೊಂಡೆ, ಅರ್ಧಕ್ಕೇ ಸಾಕಾಯಿತು. ಸುತ್ತಲಿನ ಟೇಬಲ್ಲುಗಳಲ್ಲಿ ಜನ ಒಬ್ಬರ ತಟ್ಟೆಗೆ ಒಬ್ಬರು ಕೈ ಹಾಕಿ ತಿನ್ನುತ್ತಿದ್ದರು.

ಐರಣಿಯಲ್ಲಿ ಚನ್ನಬಸಪ್ಪನ ಅಕ್ಕ ಬಾಗಿಲಿಗೆ ಬಂದು, ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಮಜ್ಜಿಗೆ ಕೊಟ್ಟಳು. 'ನಾ ಮಾಡಿದ್ದು ಉಣ್ಣಂಗಿಲ್ರಿ ಅಂವ. ತಾನ ಅಕ್ಕಿ ತೊಳದು ಬೇಯಿಸ್ಕೋತಾನ. ಒಡಹುಟ್ಟಿದಾಕಿ ನಾ, ನನ್ನ ಮ್ಯಾಲೇ ಸಂಶಯ' ಎಂದು ಕಣ್ಣೊರೆಸಿಕೊಂಡಳು. ಹಳೆಯ ಭಯ ತಿರುಗಿ ಬಂದಿತ್ತು. ಇನ್ನು ಸ್ವಲ್ಪ ದಿನ ಹೀಗೇ ಬಿಟ್ಟರೆ ಊಟವನ್ನೇ ಬಿಡುತ್ತಾನೆಂದು ನನಗೆ ಗೊತ್ತಿತ್ತು. ಹೋದ ಸಲ ಅವನನ್ನು ವಾರ್ಡಿಗೆ ಹೊತ್ತುಕೊಂಡೇ ತಂದಿದ್ದರು.

ಹೊಳೆಯ ದಂಡೆಯಲ್ಲಿ ಒಬ್ಬನೇ ಕೂತಿದ್ದ. ತುಂಗಭದ್ರೆ ಇಳಿದು ಬಂಡೆಗಳು ಮೇಲೆದ್ದಿದ್ದವು. ನನ್ನನ್ನು ನೋಡಿ ಏಳಲಿಲ್ಲ.

'ಯಾರ ಕಳಿಸ್ಯಾರ ನಿನ್ನ?'

'ಯಾರೂ ಇಲ್ಲಪಾ. ನಾನ ಬಂದೇನಿ.'

ಎರಡೂ ಕೈ ಚಾಚಿದ. 'ನೋಡು. ನಡಗೂದಿಲ್ಲ.' ಹೌದು, ನಡುಗುತ್ತಿರಲಿಲ್ಲ. ಆದರೆ ಮೈಮೇಲಿನ ಅಂಗಿ ಬೇರೆ ಯಾರದೋ ಅನ್ನುವಷ್ಟು ಸಡಿಲವಾಗಿತ್ತು.

'ನಂದೂ ನಡಗ್ತಿತ್ತು. ಕಾಗದ ಸೊಟ್ಟ ಇಟ್ಟು ಗಿರಾಕಿ ಕಡೆ ಬೈಸಿಕೋತಿದ್ದೆ. ಡಾಕ್ಟರ ಮುಂದ ಹೇಳಿದೆ, ನಡುಕಕ್ಕ ಬ್ಯಾರೆ ಗುಳಿಗಿ ಕೊಟ್ರು. ನೀ ಯಾಕ ಹೇಳಲಿಲ್ಲ?'

'ಹೇಳಿದ್ರ ಇನ್ನೂ ಜಾಸ್ತಿ ಗುಳಿಗಿ ಕೊಡ್ತಾರಂತ ಅಂಜಿದೆ.'

ಬಯ್ಯಬೇಕೆಂದು ಬಂದಿದ್ದ ಬೈಗುಳವೆಲ್ಲ ಅಲ್ಲೇ ಉಳಿಯಿತು. ನಾನೂ ಅಂಜಿದವನೇ. ಮಂಗಳವಾರ ಧಾರವಾಡಕ್ಕೆ ಹೋಗೋಣ, ನಾಳೆ ಸಂಜೆಗೇ ಬಂದು ಇಲ್ಲೇ ವಸ್ತಿ ಇದ್ದು ಕರಕೊಂಡು ಹೋಗುತ್ತೇನೆ, ಕೈ ನಡುಗುವ ಮಾತು ನಾನೇ ಹೇಳುತ್ತೇನೆ ಎಂದೆ. 'ನೋಡೋಣ' ಎಂದ. ಬಸ್ಸಿನ ಹೊತ್ತಾಗಿ ಎದ್ದರೆ ಹಿಂದೆ ಹಿಂದೆಯೇ ಬಂದ, ನಾಲ್ಕು ಮಾರು ದೂರ ಬಿಟ್ಟು. ನಾನು ಕಿಟಕಿ ಪಕ್ಕ ಕೂತ ಮೇಲೆ ಹತ್ತಿರ ಬಂದು ನಿಂತ.

'ನೀ ಗುಳಿಗಿ ತಗೋತಿಯಿಲ್ಲೋ?'

'ತಗೋತೇನಿ.'

'ಬಿಡಬ್ಯಾಡ ಮತ್ತ.' ಬಸ್ಸು ಅಲುಗಿದಾಗ ಕಿಟಕಿಯ ಸರಳು ಹಿಡಿದ. 'ನಾಳೆ ಲಗೂ ಬಾ. ಹೊತ್ತಾದ್ರ ನನ್ನ ಮನಸ ಬದಲಾಗತೈತಿ.'

ಹಾವೇರಿಗೆ ಬಂದು ಕೋಣೆಯ ಬೀಗ ತೆಗೆದಾಗ ಬೆಳಗಿನ ಚಹಾದ ಕಪ್ಪು ಇಟ್ಟಲ್ಲೇ ಇತ್ತು. ನಾಳೆಗೆಂದು ಒಂದು ಜೊತೆ ಬಟ್ಟೆ ಚೀಲಕ್ಕೆ ಹಾಕಿದೆ. ಖಾನಾವಳಿಯಿಂದ ತಂದ ರೊಟ್ಟಿ ತಿಂದು, ಗುಳಿಗೆ ಅಂಗೈಯಲ್ಲಿಟ್ಟುಕೊಂಡು, ಮೊಬೈಲು ಮುಂದಿಟ್ಟುಕೊಂಡು ಕೂತೆ. ದಿನಾ ರಿಂಗು ಬರುವ ಹೊತ್ತು ಬಂತು, ಹೋಯಿತು. ರಿಂಗು ಬರಲಿಲ್ಲ. ಬರುವುದು ಹೇಗೆ, ಕೊಡಬೇಡ ಎಂದವನು ನಾನೇ. ಕೋಣೆ ಅಷ್ಟು ಸುಮ್ಮನಿದ್ದುದನ್ನು ನಾನು ಅವತ್ತಿನವರೆಗೆ ಗಮನಿಸಿರಲಿಲ್ಲ. ಇವತ್ತೊಂದು ದಿನ ಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ ಎಂದೂ ಅನಿಸಿತು, ಸುಳ್ಳು ಯಾಕೆ ಹೇಳಲಿ.

ಬ್ಯಾಡಗಿಯಲ್ಲಿ ಆ ಹೆಣ್ಣುಮಗಳೂ ಖಾರದ ಕೈ ತೊಳೆದುಕೊಂಡು, ಗಂಡನ ಫೋನು ಮುಂದಿಟ್ಟುಕೊಂಡು ಒಬ್ಬಳೇ ಕೂತಿರಬೇಕು ಎಂಬುದು ಆಗ ಹೊಳೆಯಿತು. ನೀರು ಕುಡಿದು ಗುಳಿಗೆ ನುಂಗಿದೆ. ಇಷ್ಟು ದಿನದಲ್ಲಿ ಮೊದಲ ಸಲ, ನಾನೇ ಮುಂದಾಗಿ ಆ ನಂಬರಿಗೆ ಗುಳಿಗೆಯ ರಿಂಗ್ ಕೊಟ್ಟು ಕಟ್ ಮಾಡಿದೆ.

ಮೊಬೈಲು ಕೆಳಗಿಡುವುದರೊಳಗೆ ತಿರುಗಿ ಬಂತು. ಒಂದೇ ಸಲ ಬಾರಿಸಿ ನಿಂತಿತು. ನಾನು ಎತ್ತಲಿಲ್ಲ. ಎತ್ತುವಂತಿಲ್ಲ.