ಅಪ್ಪ ನಂಬಿದ ಕಾರಿನ ರಿವ್ಯೂ

ಫ್ರೆಂಡ್ಸ್, ಸಾರಿ, ಮನೆ ವಿಷಯ ಈ ಕಾರಿನ ಗ್ರೂಪಿನಲ್ಲಿ ಬರೆಯಬಾರದು ಅಂತ ಗೊತ್ತು. ಆದರೆ ಟೆನ್ಷನ್ ತಡೆಯಲಾಗುತ್ತಿಲ್ಲ.

ರಜೆಗೆಂದು ಇವತ್ತು ನಮ್ಮೂರು ಸಾದಲಿಗೆ ಬಂದೆ. ಅಪ್ಪ ಮೊದಲ ಸಲ ಕಾರು ಕೊಳ್ಳುತ್ತಿದ್ದಾರೆ. ಶೋರೂಮಿನವರ ಮಾತು ಅವರಿಗೆ ಬೇಡ, ಓಡಿಸಿದವರು ಆನ್‌ಲೈನಿನಲ್ಲಿ ಬರೆದದ್ದೇ ಬೇಕು. ಬಂದ ಕೂಡಲೇ ಫೋನು ಮುಂದೆ ಹಿಡಿದರು.

"ಓದಮ್ಮ, ನಮ್ಮ ಕಡೆಯೋನು. ಸೀಟು ಮಡಚಿ ರೇಷ್ಮೆಗೂಡು ತುಂಬ್ಕೊಂಡು ಶಿಡ್ಲಘಟ್ಟ ಮಾರ್ಕೆಟ್ಟಿಗೆ ಹೋಗಿದ್ದಾನೆ. ಒಂದು ಗೂಡೂ ನಜ್ಜಾಗಿಲ್ಲವಂತೆ!"

ಓದಿದೆ. ಅದನ್ನು ಬರೆದವಳು ನಾನೇ. ಕಾಲೇಜಿನ ಅಸೈನ್‌ಮೆಂಟಿಗೆ ಒಂದು ರಿವ್ಯೂ ಬರೆದು ಪೋಸ್ಟ್ ಮಾಡಬೇಕಿತ್ತು, ಯಾವುದೋ ಗಂಡಸಿನ ಹೆಸರಲ್ಲಿ ಹಾಕಿದ್ದೆ. ನಿಜ ಅನ್ನಿಸಲಿ ಅಂತ ಗೂಡು ಸೇರಿಸಿದ್ದೆ. ನನಗೆ ಸ್ಕೂಟಿ ಓಡಿಸಲೂ ಬರುವುದಿಲ್ಲ.

"ಅಪ್ಪಾ, ಇವೆಲ್ಲ ಫೇಕ್ ಇರ್ತಾವೆ" ಅಂದೆ.

"ಗೂಡಿನ ವಿಷ್ಯದಲ್ಲಿ ಯಾರಮ್ಮ ಸುಳ್ಳು ಹೇಳ್ತಾರೆ? ಹಾಸ್ಟೆಲಲ್ಲಿ ಬೆಳೆದೋಳು, ನಿಂಗೇನು ಗೊತ್ತು!"

ಒಪ್ಪಿಕೊಳ್ಳಲು ಧೈರ್ಯ ಬರಲಿಲ್ಲ. ರಿವ್ಯೂ ಕೆಳಗೆ ಅಪ್ಪ "ಮೈಲೇಜ್ ಎಷ್ಟು ಬರ್ತದೆ ಅಣ್ಣ?" ಎಂದು ಬೇರೆ ಕೇಳಿ, ಆ ಅಣ್ಣನ ಉತ್ತರಕ್ಕೆ ನನ್ನ ಪಕ್ಕದಲ್ಲೇ ಕೂತು ಕಾಯುತ್ತಿದ್ದಾರೆ.

ಕಾರಿನ ಫೋಟೊ ಹಾಕಿದ್ದೇನೆ. ನಾಳೆ ಬೆಳಗ್ಗೆ ಬುಕ್ ಮಾಡುತ್ತಾರಂತೆ. ನಿಜವಾಗಿ ಓಡಿಸಿದವರು ಯಾರಾದರೂ ಇದ್ದರೆ, ಕಾರು ಹೇಗಿದೆ ಅಂತ ಬೇಗ ತಿಳಿಸಿ ಪ್ಲೀಸ್.