ಅರಬ್ಬೀ ಸಮುದ್ರದ ಆಲಿಕೆ

ಮಳೆಗಾಲ ಶುರುವಾದರೆ ನಮ್ಮ ಮುಲುಂಡಿನ ನಲ್ಲಿಯಲ್ಲಿ ಚಹಾದ ಬಣ್ಣದ ನೀರು. ಇವತ್ತು ಬೆಳಿಗ್ಗೆಯೂ ಕೊಳಗಕ್ಕೆ ಹಿಡಿದು, ನೀರು ತಿಳಿಯಾಗಲೆಂದು ಫಟ್ಕರಿ ತುಂಡನ್ನು ಅದರಲ್ಲಿ ತಿರುಗಿಸಿ, ಹಸಿಮಣ್ಣಿನ ವಾಸನೆ ಮೂಸುತ್ತ ನಿಂತೆ. ಅಲ್ಲಲ್ಲಿ ತೇಲುತ್ತಿದ್ದ ಕೊಳೆ ಒಂದಕ್ಕೊಂದು ಅಂಟಿಕೊಂಡು, ಭಾರವಾಗಿ, ಮೆಲ್ಲಗೆ ಕೆಳಗಿಳಿಯತೊಡಗಿತು. ಅದನ್ನು ನೋಡುತ್ತ ಒಲೆಯ ಮೇಲಿನ ಹಾಲು ಉಕ್ಕಿಸಿಕೊಂಡೆ. ನನ್ನ ಜಾಣತನ ಅಷ್ಟೇ, ಬಿಡಿ.

ಕೆಲವು ವರ್ಷಗಳ ಹಿಂದೆ ಇದೇ ಕೊಳಗ ತೋರಿಸಿ ನಮ್ಮವರು ನನಗೆ ಸಮುದ್ರದ ಪಾಠ ಹೇಳಿದ್ದರು. ಅವರದು ಸಮುದ್ರ ಸಂಶೋಧನೆಯ ಕೆಲಸ.

"ಬೈಕುಲ್ಲಾದ ಚಿಮಣಿ ಹೊಗೆ ಎಲ್ಲಿಗೆ ಹೋಗುತ್ತೆ ಅಂದ್ಕೊಂಡೆ? ಒಂದಷ್ಟು ಸಮುದ್ರಕ್ಕೇ. ನೀರಿನ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಗಿಡಗಳಿವೆ, ಹೊಗೆಯಲ್ಲಿರೋ ಇಂಗಾಲ ಹೀರಿ ಬೆಳೀತವೆ. ಸತ್ತರೆ ಹೀಗೇ ಅಂಟ್ಕೊಂಡು ಮುಳುಗ್ತವೆ. ಕೆಲವನ್ನ ಹುಳುಗಳು ತಿಂದು ಹೇಲ್ತವೆ, ಅದೂ ಮುಳುಗುತ್ತೆ."

"ರೀ! ಇಷ್ಟೆಲ್ಲ ಓದಿ ಹುಳದ ಹೇಲು ಹಿಡಿಯೋಕೆ ಹೋಗ್ತೀರಾ?" ನಾನು ಓದಿದ ಕಾನ್ವೆಂಟಿನ ಸಿಸ್ಟರುಗಳು ಈ ಮಾತು ಕೇಳಿಸಿಕೊಂಡಿದ್ದರೆ ನನ್ನನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು.

"ಹೂಂ ಕಣೇ. ದಾರೀಲೇ ಬಹುಪಾಲು ಬೇರೆಯವು ತಿಂದುಬಿಡ್ತವೆ. ತಳ ಮುಟ್ಟಿದ್ದು ಮಾತ್ರ ನೂರಾರು ವರ್ಷ ಮೇಲೆ ಬರಲ್ಲ. ಅದೆಷ್ಟು ಅಂತ ತಿಳೀಬೇಕು."

ಅದಕ್ಕೇ ಅರಬ್ಬೀ ಸಮುದ್ರದ ಆಳದಲ್ಲಿ, ಎಣ್ಣೆ ಸುರಿಯುವ ಆಲಿಕೆಯಂಥದ್ದೇ ಆದರೆ ಬಲು ದೊಡ್ಡದೊಂದನ್ನು ಲಂಗರಿಗೆ ಕಟ್ಟಿ, ಅದರ ಕೆಳಗೆ ಶೀಶೆಗಳನ್ನು ಜೋಡಿಸಿ ಬಂದರು. ವರ್ಷವಿಡೀ ಬಿದ್ದದ್ದು ಅವುಗಳಲ್ಲಿ ಸೇರಬೇಕು. ಆಮೇಲೆ ಹಡಗಿನಿಂದ ಶಬ್ದ ಕಳಿಸಿ ಕರೆದರೆ ಲಂಗರು ಬಿಟ್ಟು ತಾನೇ ತೇಲಿ ಬರುತ್ತದಂತೆ. ಅವರ ಡಾಕ್ಟರೇಟು, ಮುಂದಿನ ಕೆಲಸ, ಎಲ್ಲ ಆ ಶೀಶೆಗಳಲ್ಲಿತ್ತು. ಆ ವರ್ಷ ಲೋಕಲ್ ರೈಲಿನಲ್ಲಿ ನಿಂತೇ ಬಂದರೂ ಏನಾದರೂ ಗುನುಗುತ್ತ ಮೆಟ್ಟಿಲು ಹತ್ತುತ್ತಿದ್ದರು.

ವರ್ಷ ಕಳೆದು ಅದನ್ನು ತರಲು ಹೋದವರು ಬರಿಗೈಯಲ್ಲಿ ಬಂದರು. ಬೂಟು ಕೂಡ ಬಿಚ್ಚದೆ ಬಾಗಿಲಲ್ಲೇ ಹೇಳಿದರು, "ಹಗಲೂ ರಾತ್ರಿ ಕರೆದ್ವಿ. ಓಗೊಡಲಿಲ್ಲ."

"ಇನ್ನೊಂದು ಸಲ ಹೋದರೆ?"

"ಹಡಗೇನು ರಿಕ್ಷಾನಾ, ಕೈ ತೋರಿಸಿದ್ರೆ ನಿಲ್ಲೋಕೆ?"

ಅದೇ ಅವರ ಕೊನೆಯ ತಮಾಷೆ. ಆಮೇಲೆ ಆಫೀಸಿನಲ್ಲಿ ಫೈಲು, ಮನೆಯಲ್ಲಿ ಬಾಲ್ಕನಿ. ಮಾತು ಕಡಿಮೆಯಾಗುತ್ತ ಬಂದು ನಿಂತೇಹೋಯಿತು. ನಾನು ಕರೆಯುತ್ತಲೇ ಇದ್ದೆ: ಊಟಕ್ಕೆ, ಕಾಫಿಗೆ, ಸುಮ್ಮನೆ. ಜಗಳವಾಡಿದೆ. "ಮುಳುಗಿದ್ದು ಶೀಶೆ ಕಣ್ರೀ, ನೀವಲ್ಲ" ಎಂದು ಅತ್ತೂ ನೋಡಿದೆ. ತಲೆ ಎತ್ತಲಿಲ್ಲ.

ಇವತ್ತು ಭಾನುವಾರ. ಮಧ್ಯಾಹ್ನ ಅನ್ನ ಹುಳಿ ಬಡಿಸಿದೆ, ಎಂದಿನಂತೆ ಕರೆಯಲಿಲ್ಲ. ತಟ್ಟೆಯನ್ನು ಬಾಲ್ಕನಿಗೇ ಒಯ್ದು, ಅವರ ಪಕ್ಕದ ಸ್ಟೂಲಿನ ಮೇಲಿಟ್ಟು, ಸದ್ದಾಗದಂತೆ ಒಳಗೆ ಬಂದೆ.