ಜೇಬಿನಲ್ಲಿದ್ದ ಫ್ಯೂಸು

ನಮ್ಮ ಪುಕ್ಕಲಿ ಮೇಡಂ ಹದಿನೇಳು ವರ್ಷದಿಂದ ಲಿಫ್ಟ್ ರಿಪೇರಿ ಕಂಪನಿಯಲ್ಲಿದ್ದಾಳೆ, ಆದರೆ ಇವತ್ತಿನವರೆಗೂ ಒಂದು ಲಿಫ್ಟೂ ಹತ್ತಿಲ್ಲ. ಎಂಟನೇ ಮಹಡಿಗೆ ಹೋಗಬೇಕಾದರೂ ಮೆಟ್ಟಿಲೇ. ಕೇಳಿದರೆ, "ಒಳಗಿನ ವಿಷಯ ಗೊತ್ತಿರೋರು ಯಾರೂ ಹತ್ತಲ್ಲ ಅಕ್ಕ" ಅನ್ನುತ್ತಾಳೆ. ಪುಕ್ಕಲಿ ಎಂಬ ಹೆಸರು ಇಟ್ಟವಳು ನಾನೇ. ಸ್ಟೋರಿನಲ್ಲಿ ಕೂತು ಸಾಮಾನು ಕೊಡುವವಳಿಗೆ ಹೆಸರಿಡುವುದಕ್ಕೆ ಬೇಕಾದಷ್ಟು ಬಿಡುವಿರುತ್ತದೆ.

ಅವಳ ಹೆದರಿಕೆ ಹುಟ್ಟಿನಿಂದಲೇ ಬಂದದ್ದು. ಚಿಕ್ಕಂದಿನಲ್ಲಿ ಬಾವಿಕಟ್ಟೆಯ ಹತ್ತಿರ ಹೋದವಳಲ್ಲವಂತೆ. ಮದುವೆಯಾಗಿ ಮಗಳು ಹುಟ್ಟಿದ ಮೇಲೆ ಹೆದರಿಕೆಯೂ ಅವಳಿ ಮಗುವಿನ ಹಾಗೆ ಜೊತೆಗೇ ಬೆಳೆಯಿತು. ಮನೆ ಬಿಡುವ ಮುಂಚೆ ಗ್ಯಾಸಿನ ವಾಲ್ವನ್ನು ಮೂರು ಸಲ ಮುಟ್ಟಿ ನೋಡುತ್ತಾಳೆ. ಅತ್ತೆ, "ನಾನು ಮನೇಲೇ ಇರ್ತೀನಲ್ಲೇ, ಹೋಗೇ ತಾಯಿ" ಎಂದು ಹೊರಗೆ ದಬ್ಬುತ್ತಾರಂತೆ. ಕೆಲಸಕ್ಕೆ ಬಂದರೆ ಮೊದಲು ತಲೆ ಎಣಿಸುತ್ತಾಳೆ. ಯಾರು ಬಂದರು, ಯಾರು ಎಲ್ಲಿದ್ದಾರೆ ಎಂದು ದಿನಕ್ಕೆ ಹತ್ತು ಸಲ. ಹೋದ ವರ್ಷ ಅವಳನ್ನು ಮುಖ್ಯಸ್ಥೆ ಮಾಡಿದಾಗ ನಾವೆಲ್ಲ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕೆವು. ಹಗ್ಗ ಕಂಡರೂ ಹಾವು ಎನ್ನುವವಳು ಒಂಬತ್ತು ಜನರನ್ನು ಹೇಗೆ ನಡೆಸುತ್ತಾಳೆ?

ಒಂಬತ್ತು ಜನರಲ್ಲಿ ಅರ್ಧ ತಲೆ ನರೆತವರು, ಅರ್ಧ ಮೀಸೆ ಚಿಗುರುತ್ತಿರುವವರು. ನರೆತವರ ಪೈಕಿ ಹಿರಿಯ ಮಾವ. ನನಗೂ ಮಾವ, ಕಾವಲುಗಾರನಿಗೂ ಮಾವ, ಕಂಪನಿಗೇ ಮಾವ. ಐವತ್ತೊಂಬತ್ತು ವಯಸ್ಸು. ತಂತಿ ಹಗ್ಗವನ್ನು ಬೆರಳಲ್ಲಿ ತಟ್ಟಿ ಎಷ್ಟು ಸವೆದಿದೆ ಎಂದು ಹೇಳುವ ಮನುಷ್ಯ. ಅವರಿಗೊಂದು ಪದ್ಧತಿ. ಲಿಫ್ಟಿನ ಕೆಳಗಿನ ಗುಂಡಿಗೆ ಇಳಿಯುವ ಮುಂಚೆ ಮೇಲಿನ ಮೆಷಿನ್ ರೂಮಿಗೆ ಹೋಗಿ ಆ ಲಿಫ್ಟಿನ ಬಿಳಿ ಪಿಂಗಾಣಿ ಫ್ಯೂಸನ್ನು ಕಿತ್ತು ತಮ್ಮ ಅಂಗಿಯ ಜೇಬಿಗೆ ಹಾಕಿಕೊಳ್ಳುವುದು. ಜೇಬಿಗೆ ಗುಂಡಿ ಹಾಕುವುದು. ಯಾರಿಗೂ ಹೇಳುವುದಿಲ್ಲ. ಹೇಳುವುದೇಕೆ? ಫ್ಯೂಸಿನ ಗೂಡು ಖಾಲಿ ಇದೆ ಎಂದರೆ ಯಾರೋ ಒಳಗಿದ್ದಾರೆ. ಖಾಲಿ ಗೂಡು ಮುಟ್ಟಬಾರದು. ಮೂವತ್ತು ವರ್ಷ ಹಳಬರೆಲ್ಲ ಹೀಗೇ ಬದುಕಿದವರು. ಪುಕ್ಕಲಿ ಹತ್ತೊಂಬತ್ತರ ಹುಡುಗಿಯಾಗಿ ಕೆಲಸ ಕಲಿಯಲು ಬಂದಾಗ ಮಾವ ಅವಳಿಗೆ ಮೊದಲು ಕಲಿಸಿದ ಪಾಠವೂ ಅದೇ.

ಹೊಸಬರಲ್ಲಿ ಚುರುಕಾದವಳು ಡಿಪ್ಲೊಮಾ. ಇಪ್ಪತ್ತಮೂರು ವರ್ಷ. ಮಾತಿಗೆ ಮುಂಚೆ "ಡಿಪ್ಲೊಮಾದಲ್ಲಿ ನಮಗೆ ಹೇಳಿಕೊಟ್ಟಿದ್ದಾರೆ" ಎನ್ನುತ್ತಾಳೆ, ಅದಕ್ಕೇ ಆ ಹೆಸರು. ಅವಳ ಗುಂಪಿನವರಿಗೆ ಎಲ್ಲವೂ ಮೊಬೈಲಿನಲ್ಲಿರಬೇಕು. ಒಂದು ಗ್ರೂಪ್ ಮಾಡಿಕೊಂಡರು. ಯಾರು ಯಾವ ಲಿಫ್ಟಿಗೆ ಇಳಿದರೂ ಅದರಲ್ಲಿ ಬರೆಯಬೇಕು, ಹತ್ತಿ ಬಂದ ಮೇಲೆ ಮತ್ತೆ ಬರೆಯಬೇಕು. ಬರೆದಿಲ್ಲ ಎಂದರೆ ಒಳಗೆ ಯಾರೂ ಇಲ್ಲ. ಒಳ್ಳೆಯ ಪದ್ಧತಿಯೇ. ಮಾವನ ಮೊಬೈಲಿಗೆ ಮಾತ್ರ ಬಟನ್ನು ಬಿಟ್ಟರೆ ಬೇರೇನೂ ಇಲ್ಲ.

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ನಡುವೆ ನಮ್ಮ ಪುಕ್ಕಲಿ. ಇಬ್ಬರನ್ನೂ ಒಂದೇ ಕೋಣೆಯಲ್ಲಿ ಕೂರಿಸಿದರೆ ಜಗಳವಾದೀತೆಂದು ಅವಳಿಗೆ ದಿಗಿಲು. ಮಾವ ಸಿಟ್ಟಾಗಿ ಕೆಲಸ ಬಿಟ್ಟರೆ? ಹುಡುಗರು ನಕ್ಕರೆ? ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಎರಡು ಸಭೆ ಮಾಡಿದಳು. ಬೆಳಗ್ಗೆ ಹಳಬರ ಜೊತೆ ಚಹಾ ಕುಡಿದು, "ನೀವು ನಿಮ್ಮ ರೀತಿ ಮಾಡಿ, ನಿಮಗೆ ಹೇಳಿಕೊಡೋಕೆ ನಾನ್ಯಾರು" ಎಂದಳು. ಸಂಜೆ ಹೊಸಬರಿಗೆ, "ಇನ್ಮೇಲೆ ಗ್ರೂಪೇ ನಿಯಮ" ಎಂದಳು. ಎರಡೂ ಕಡೆಯವರು ಖುಷಿಯಾಗಿ ಎದ್ದು ಹೋದರು. ಎರಡು ಸಭೆಯಲ್ಲೂ ಇದ್ದವಳು ಅವಳೊಬ್ಬಳೇ. ಖಾಲಿ ಗೂಡಿನ ಅರ್ಥವೂ ಗೊತ್ತು, ಗ್ರೂಪಿನ ನಿಯಮವೂ ಗೊತ್ತು ಎನ್ನುವವಳೂ ಅವಳೊಬ್ಬಳೇ.

ನನ್ನ ಸ್ಟೋರು ಒಂದು ಎಂಟು ಮಹಡಿಯ ಆಫೀಸು ಕಟ್ಟಡದ ನೆಲಮಟ್ಟದಲ್ಲಿದೆ, ಮೆಟ್ಟಿಲ ಪಕ್ಕ. ಆ ಕಟ್ಟಡದ ಎರಡು ಲಿಫ್ಟುಗಳೂ ನಮ್ಮ ಉಸ್ತುವಾರಿಯೇ. ಆ ಬುಧವಾರ ಬೆಳಗ್ಗೆ ಹತ್ತೂವರೆಗೆ ಮಾವ ಬಂದು ಕೈಗಡಿಯಾರ ಬಿಚ್ಚಿ ನನ್ನ ಕೌಂಟರಿನ ಮೇಲಿಟ್ಟು, ಕೊಕ್ಕೆಯಲ್ಲಿದ್ದ ಲಿಫ್ಟಿನ ಬಾಗಿಲ ಕೀಲಿ ತೆಗೆದುಕೊಂಡು ಹೋದರು. ಅವರು ನೀರು, ಎಣ್ಣೆ ಏನು ಮುಟ್ಟುವಾಗಲೂ ಗಡಿಯಾರ ಬಿಚ್ಚಿಡುವವರು. ನಾನು ತಲೆಯೆತ್ತಿ ನೋಡಲಿಲ್ಲ. ಬೋಲ್ಟು ಎಣಿಸುತ್ತಿದ್ದೆ.

ಕಾಲು ಗಂಟೆಯಾಗಿರಬೇಕು, ಡಿಪ್ಲೊಮಾ ದಡದಡ ಬಂದಳು.

"ಅಕ್ಕ, ಎರಡನೇ ಲಿಫ್ಟ್ ಸತ್ತಿದೆ ಅಂತ ಮೇಲಿನ ಆಫೀಸಿನವರು ಬಾಯಿ ಬಡ್ಕೋತಿದ್ದಾರೆ. ಮೇಲೆ ಹೋಗಿ ನೋಡಿದ್ರೆ ಫ್ಯೂಸೇ ಇಲ್ಲ! ಯಾರೋ ಕದ್ದಿದ್ದಾರೆ."

"ಫ್ಯೂಸ್ ಕದ್ದು ಏನು ಮಾಡ್ತಾರೆ, ಸಾರಿಗೆ ಹಾಕ್ತಾರಾ?"

"ಗ್ರೂಪಲ್ಲಿ ಯಾರೂ ಏನೂ ಬರೆದಿಲ್ಲ ಅಕ್ಕ. ಹೊಸದು ಒಂದು ಕೊಡಿ."

ಕೊಟ್ಟೆ. ಮೂರನೇ ಕಪಾಟಿನಿಂದ ತೆಗೆದು, ಒರೆಸಿ, ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡು ಕೊಟ್ಟೆ. ಸಹಿ ಹಾಕುವಾಗ ಅವಳ ಮೊಣಕೈ ಮಾವನ ಗಡಿಯಾರಕ್ಕೆ ತಾಗಿತು. ನಾನೇ ಅದನ್ನು ಆ ಕಡೆ ಸರಿಸಿದೆ. ಇವತ್ತಿಗೂ ಆ ಸರಿಸಿದ ಬೆರಳನ್ನು ನೋಡಿಕೊಳ್ಳುತ್ತೇನೆ. ಅವಳು ಒಂದನೇ ಲಿಫ್ಟ್ ಹತ್ತಿ ಮೇಲೆ ಹೋದಳು.

ಆಮೇಲೆ ಪುಕ್ಕಲಿ ಬಂದಳು. ಬಂದವಳೇ ಎಂದಿನಂತೆ, "ಅಕ್ಕ, ಮಾವ ಎಲ್ಲಿ?"

"ಇಲ್ಲೇ ಎಲ್ಲೋ ಇರ್ತಾರೆ ಮೇಡಂ. ಎಷ್ಟು ಸಲ ಎಣಿಸ್ತೀರಿ, ಕಳೆದುಹೋಗೋಕೆ ಅವರೇನು ಕುರಿಮರಿನಾ?"

ಅವಳು ನಗಲಿಲ್ಲ. ಗಡಿಯಾರ ನೋಡುತ್ತಿದ್ದಳು. ಆಮೇಲೆ ತೆರೆದ ಪುಸ್ತಕ ನೋಡಿದಳು. ಕೊನೆಯ ಸಾಲಿನಲ್ಲಿ 'ಫ್ಯೂಸ್ ಒಂದು, ಎರಡನೇ ಲಿಫ್ಟ್' ಎಂದಿತ್ತು. ಆಮೇಲೆ ಗೋಡೆಯ ಕೊಕ್ಕೆ ನೋಡಿದಳು, ಕೀಲಿ ಇರಲಿಲ್ಲ. ಅವಳ ಮುಖದ ರಕ್ತ ಇಳಿದುಹೋದದ್ದು ನನಗೆ ಕಂಡಿತು. ಆಗಲೇ ನನಗೂ ಅರ್ಥವಾಯಿತು.

ಅವಳು ಮೊಬೈಲಿನಲ್ಲಿ ಡಿಪ್ಲೊಮಾಗೆ ಕರೆ ಮಾಡುತ್ತಲೇ ಎರಡನೇ ಲಿಫ್ಟಿನ ಬಾಗಿಲ ಹತ್ತಿರ ಓಡಿದಳು. ರಿಂಗಾಗುತ್ತಿತ್ತು, ಎತ್ತುತ್ತಿರಲಿಲ್ಲ. ಮೆಷಿನ್ ರೂಮಿನಲ್ಲಿ ಒಂದನೇ ಲಿಫ್ಟಿನ ಮೋಟಾರು ಓಡುವಾಗ ಅದರ ಸದ್ದಿಗೆ ಸ್ವಂತ ಮಾತೇ ಕೇಳುವುದಿಲ್ಲ. ಬಾಗಿಲು ಭದ್ರವಾಗಿ ಮುಚ್ಚಿತ್ತು. ಮಕ್ಕಳು ಯಾರಾದರೂ ಇಣುಕಿ ಬಿದ್ದಾರೆಂದು ಮಾವ ಗುಂಡಿಗೆ ಇಳಿದ ಮೇಲೆ ಬಾಗಿಲು ಎಳೆದುಕೊಳ್ಳುವವರು. ಬಾಗಿಲು ತೆರೆದಿದ್ದರೆ ಲಿಫ್ಟು ಅಲುಗಾಡುತ್ತಿರಲಿಲ್ಲ. ಹೊರಗಿನಿಂದ ತೆರೆಯುವ ಕೀಲಿ ಅವರ ಹತ್ತಿರವೇ ಒಳಗಿತ್ತು. ಗುಂಡಿಯೊಳಗೆ ಲಿಫ್ಟು ನಿಲ್ಲಿಸುವ ಒಂದು ಸ್ವಿಚ್ಚು ಇರಬೇಕು, ಆ ಹಳೆಯ ಕಟ್ಟಡದಲ್ಲಿ ಅದು ತುಕ್ಕು ಹಿಡಿದು ವರ್ಷವಾಗಿತ್ತು.

ಮೇಲಿನಿಂದ ಗುಂಯ್ ಎಂದು ಸದ್ದು ಬಂತು. ಕರೆಂಟು ಹೋಗಿ ಬಂದಾಗ ಆ ಲಿಫ್ಟು ತಾನಾಗಿಯೇ ನೆಲಮಟ್ಟಕ್ಕೆ ಇಳಿಯುತ್ತದೆ. ಅದು ಇಳಿಯತೊಡಗಿತು.

"ಮಾವಾ, ಮಲಗಿ! ಮಲಗಿ! ಮಲಗಿ!"

ಅವಳು ಎರಡೂ ಮುಷ್ಟಿಯಿಂದ ಉಕ್ಕಿನ ಬಾಗಿಲು ಬಡಿಯುತ್ತಿದ್ದಳು. ಹಾಗೆ ಕೂಗಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ಏಳು, ಆರು, ಐದು ಎಂದು ಬಾಗಿಲ ಮೇಲಿನ ಕೆಂಪು ಅಂಕಿ ಬದಲಾಗುತ್ತಿತ್ತು. ನಾನು ಎಲ್ಲ ದೇವರನ್ನೂ ಒಟ್ಟಿಗೆ ಕರೆದೆ, ಒಬ್ಬರ ಹೆಸರೂ ಪೂರ್ತಿ ಬಾಯಿಗೆ ಬರಲಿಲ್ಲ. ಮೂರು. ಎರಡು. ಒಂದು.

ಟಿಣ್ ಎಂದಿತು. ಬಾಗಿಲು ಮೆಲ್ಲಗೆ ತೆರೆಯಿತು. ಒಳಗೆ ದೀಪ ಉರಿಯುತ್ತಿತ್ತು, ಚಿಕ್ಕ ಫ್ಯಾನು ತಿರುಗುತ್ತಿತ್ತು, ಕನ್ನಡಿ ಫಳಫಳ ಹೊಳೆಯುತ್ತಿತ್ತು. ಯಾರೂ ಇರಲಿಲ್ಲ. ಅಷ್ಟು ಚೊಕ್ಕಟವಾದ ಖಾಲಿ ಲಿಫ್ಟು. ಅದರ ನೆಲದ ಕೆಳಗೆ ಮಾವ ಇದ್ದರು.

ಪುಕ್ಕಲಿ ಹೊಸ್ತಿಲ ಮೇಲೆ ಕೂತುಬಿಟ್ಟಳು. ಬಾಗಿಲು ಮುಚ್ಚಲು ಬಂದು ಅವಳ ಭುಜಕ್ಕೆ ತಾಗಿ ಹಿಂದೆ ಸರಿಯಿತು, ಮತ್ತೆ ಬಂತು, ಮತ್ತೆ ಸರಿಯಿತು. ಅವಳು ಕೂತಿರುವವರೆಗೆ ಅದು ಚಲಿಸುವಂತಿರಲಿಲ್ಲ. "ಅಕ್ಕ, ಓಡಿ. ಫ್ಯೂಸ್ ಕೀಳಿಸಿ" ಎಂದಳು. ನಾನು ಓಡಲಿಲ್ಲ, ನನ್ನಿಂದಾಗಲಿಲ್ಲ. ಅವಳು ಬಗ್ಗಿ, ಲಿಫ್ಟಿಗೂ ನೆಲಕ್ಕೂ ನಡುವಿನ ಎರಡು ಬೆರಳಗಲದ ಸಂದಿಗೆ ಬಾಯಿಟ್ಟು ಕರೆದಳು.

"ಮಾವ?"

ಕೆಳಗೆ ಎಲ್ಲೋ ನೀರು ತೊಟ್ಟಿಕ್ಕುತ್ತಿತ್ತು.

"ಮಾವ, ಮಾತಾಡಿ ಮಾವ."

ಬಹಳ ಹೊತ್ತಾದ ಮೇಲೆ ಒಂದು ಕೆಮ್ಮು ಕೇಳಿತು. ಆಮೇಲೆ ಮಾವನ ದನಿ, ಮಾವನದ್ದಲ್ಲವೇನೋ ಎನ್ನುವಷ್ಟು ಸಣ್ಣದಾಗಿ:

"ಫ್ಯೂಸ್ ನನ್ನ ಜೇಬಲ್ಲೇ ಇದೆ ಕಣಮ್ಮ. ಇಲ್ಲೇ ಇದೆ. ಮುಟ್ಟಿ ನೋಡ್ಕೋತಾ ಇದೀನಿ. ಅದು ಹೇಗಮ್ಮ ಬಂತು ಲಿಫ್ಟು?"

ಆಗ ನನ್ನ ಕಾಲುಗಳು ನಡೆದವು. ಎಂಟು ಮಹಡಿ ಹೇಗೆ ಹತ್ತಿದೆನೋ ಗೊತ್ತಿಲ್ಲ. ಡಿಪ್ಲೊಮಾ ಕೈ ಒರೆಸಿಕೊಳ್ಳುತ್ತ, "ಸರಿಯಾಯ್ತಲ್ಲ ಅಕ್ಕ?" ಎಂದು ನಕ್ಕಳು. ನಾನು, "ತೆಗಿ, ಮಾವ ಕೆಳಗಿದ್ದಾರೆ" ಎಂದೆ. ಫ್ಯೂಸ್ ಕಿತ್ತವಳು ಅದನ್ನು ಹಿಡಿದುಕೊಂಡೇ ನೆಲದ ಮೇಲೆ ಕುಸಿದಳು.

ಮೇಲಿನಿಂದ ಮೋಟಾರಿನ ಚಕ್ರವನ್ನು ಕೈಯಲ್ಲಿ ತಿರುಗಿಸಿ ಲಿಫ್ಟನ್ನು ಏರಿಸಿ ಮಾವನನ್ನು ಹೊರಗೆ ತಂದಾಗ ಗಂಟೆ ಹನ್ನೊಂದೂವರೆ. ಕೂಗು ಕೇಳಿದ ತಕ್ಷಣ ಎಣ್ಣೆ ನೀರಿನಲ್ಲಿ ಅಂಗಾತ ಮಲಗಿದ್ದರಂತೆ. ಲಿಫ್ಟಿನ ಅಡಿ ಬಂದು ನಿಂತದ್ದು ಮೂಗಿನಿಂದ ಒಂದು ಗೇಣು ಮೇಲೆ. ನಿಂತೇ ಇದ್ದಿದ್ದರೆ ಎನ್ನುವ ಮಾತನ್ನು ನಮ್ಮಲ್ಲಿ ಯಾರೂ ಪೂರ್ತಿ ಹೇಳಲಿಲ್ಲ.

ಸ್ಟೋರಿನಲ್ಲಿ ಎಲ್ಲರೂ ಸೇರಿದರು. ಅತ್ತ ಮಾವ ಕಂಬಳಿ ಹೊದ್ದು ನಡುಗುತ್ತಿದ್ದರು, ಇತ್ತ ಡಿಪ್ಲೊಮಾ ಬಿಕ್ಕುತ್ತಿದ್ದಳು. ಹಳಬರಲ್ಲೊಬ್ಬ, "ಖಾಲಿ ಗೂಡು ಮುಟ್ಟಬಾರದು ಅನ್ನೋ ಬುದ್ಧಿ ಬೇಡ್ವಾ?" ಎಂದ. ಹೊಸಬನೊಬ್ಬ, "ಒಂದು ಮೆಸೇಜ್ ಹಾಕೋಕೆ ಏನು ರೋಗ?" ಎಂದ. ಪುಕ್ಕಲಿ ಎದ್ದು ನಿಂತಳು. ಬಾಗಿಲು ಬಡಿದ ಕೈಗಳು ಊದಿದ್ದವು.

"ಇಬ್ಬರೂ ಸುಮ್ಮನಿರಿ. ಇವರಿಗೆ ಒಂದು ಮಾತು, ಅವರಿಗೆ ಇನ್ನೊಂದು ಮಾತು ಹೇಳಿದ್ದು ನಾನು. ಹಳಬರು ಬೈತೀರಾ ಅಂತ ನಿಮಗೆ ಹೆದರಿದೆ, ಹುಡುಗರು ನಗ್ತೀರಾ ಅಂತ ನಿಮಗೆ ಹೆದರಿದೆ. ಹೆದರಬೇಕಾದ್ದಕ್ಕೆ ಹೆದರಲಿಲ್ಲ. ರಿಪೋರ್ಟಲ್ಲಿ ಹೀಗೇ ಬರೀತೀನಿ."

ಹಾಗೇ ಬರೆದಳು. ಹೆಡ್ ಆಫೀಸಿನಿಂದ ಅವಳ ಹುದ್ದೆಯ ಬಗ್ಗೆ ಇನ್ನೂ ಉತ್ತರ ಬಂದಿಲ್ಲ. ಪ್ರತಿ ಟಪಾಲಿಗೂ ಅವಳ ಮುಖ ಬಿಳುಚುತ್ತದೆ. ನಾನು ಪುಕ್ಕಲಿ ಎಂದು ಕರೆಯುವುದನ್ನು ಬಿಟ್ಟೆ ಎಂದರೆ ಸುಳ್ಳಾಗುತ್ತದೆ. ಹಾಗೆ ಕರೆದು ನಗುವುದನ್ನು ಮಾತ್ರ ಬಿಟ್ಟಿದ್ದೇನೆ.

ಒಂಬತ್ತನೇ ದಿನ ಅದೇ ಗುಂಡಿಯ ಕೆಲಸ ಮುಗಿಸಬೇಕಿತ್ತು, ಕೆಟ್ಟಿದ್ದ ಸ್ವಿಚ್ಚನ್ನೂ ಬದಲಿಸಬೇಕಿತ್ತು. ಮಾವ ಬಂದು ಗಡಿಯಾರ ಬಿಚ್ಚಿಟ್ಟರು. ಲಿಫ್ಟಿನ ಬಾಗಿಲವರೆಗೆ ಹೋಗಿ ಚೌಕಟ್ಟು ಹಿಡಿದುಕೊಂಡು ನಿಂತರು. ಕಾಲು ಇಳಿಯಲಿಲ್ಲ. ಮೂವತ್ತು ವರ್ಷ ಹೆದರಿಕೆ ಎಂದರೇನೆಂದು ಗೊತ್ತಿರದಿದ್ದ ಮನುಷ್ಯ ನಮ್ಮೆದುರು ಬೆವರುತ್ತಿದ್ದರು.

"ಆಗ್ತಿಲ್ಲ ಕಣಮ್ಮ" ಎಂದರು.

"ನನಗೂ ಭಯ ಆಗ್ತಿದೆ ಮಾವ" ಎಂದಳು ಪುಕ್ಕಲಿ. "ಇವತ್ತು ಬೇಡ ಅಂದ್ರೆ ಬೇಡ."

ಮಾವ ಜೇಬಿನ ಗುಂಡಿ ಬಿಚ್ಚಿ, ಆಗಲೇ ಕಿತ್ತು ತಂದಿದ್ದ ಫ್ಯೂಸನ್ನು ತೆಗೆದು ಡಿಪ್ಲೊಮಾ ಕೈಯಲ್ಲಿಟ್ಟರು. "ಮೇಲೆ ಹೋಗಿ ಗೂಡಿನ ಮುಂದೆ ನಿಂತ್ಕೋ. ನಾನು ಹತ್ತಿ ಬಂದು ಕೇಳೋವರೆಗೆ ಯಾರಿಗೂ ಕೊಡಬೇಡ. ಮೇಡಂಗೂ." ಆಮೇಲೆ ಮುಜುಗರದಿಂದ, "ಆ ಗ್ರೂಪಲ್ಲೂ ಬರಿ, ನನ್ನ ಹೆಸರಲ್ಲಿ" ಎಂದರು. ಅವಳು ಅದನ್ನು ಎದೆಗೆ ಒತ್ತಿಕೊಂಡು ಮೆಟ್ಟಿಲಲ್ಲೇ ಹತ್ತಿದಳು.

ಮಾವ ಇಳಿದರು. ಬಾಗಿಲು ಮುಚ್ಚದ ಹಾಗೆ ಪುಕ್ಕಲಿ ಹೊಸ್ತಿಲಲ್ಲಿ ಕೂತಳು, ಮೇಲಿದ್ದ ಡಿಪ್ಲೊಮಾಗೆ ಕರೆ ಮಾಡಿ ಮೊಬೈಲಿನ ಸ್ಪೀಕರ್ ಹಾಕಿ ಗುಂಡಿಯ ಕಡೆ ಹಿಡಿದಳು. ಎರಡೆರಡು ನಿಮಿಷಕ್ಕೆ ಕೆಳಗಿನಿಂದ ಮಾವನ ದನಿ ಬರುತ್ತಿತ್ತು.

"ಇದ್ದೀಯೇನಮ್ಮ?"

"ಇದ್ದೀನಿ ಮಾವ."

"ಜೇಬಲ್ಲಿದೆಯಾ?"

"ಇಲ್ಲ ಮಾವ, ಕೈಯಲ್ಲೇ ಹಿಡ್ಕೊಂಡಿದ್ದೀನಿ."

ನಲವತ್ತು ನಿಮಿಷ ಹೀಗೇ ನಡೆಯಿತು. ಅಷ್ಟರಲ್ಲಿ ಇಬ್ಬರು ಬಂದು ಸಾಮಾನು ಕೇಳಿದರು. ಆಮೇಲೆ ಬನ್ನಿ ಎಂದೆ. ಕೌಂಟರಿನ ಮೇಲಿದ್ದ ಮಾವನ ಗಡಿಯಾರವನ್ನು ಕೈಯಲ್ಲಿ ಹಿಡಿದುಕೊಂಡು, ಅವರು ಬಂದು ಕೇಳುವವರೆಗೆ ಹಾಗೇ ಕೂತಿದ್ದೆ.